ರಾಳ ಹಚ್ಚಿದ ಪೆಟ್ಟಿಗೆ

(ವಿಮೋಚನಕಾಂಡ 2ನೆಯ ಅಧ್ಯಾಯದ ಮೊದಲ ಹತ್ತು ವಚನಗಳನ್ನು ಮನೆಯಲ್ಲಿ ಓದಿಕೊಂಡು ಇದನ್ನು ಓದತಕ್ಕದ್ದು.)



ಮೋಶೆಯ ತಾಯಿಯ ಸಂಗತಿಯನ್ನು ನೀವು ಬಾಲ್ಯದಿಂದಲೇ ಬಲ್ಲಿರಿ. ಭಾನುವಾರ ಶಾಲೆಯ ಮಕ್ಕಳನ್ನು ಕೇಳಿದರೆ ಆ ನದಿ, ಆ ಪೆಟ್ಟಿಗೆ, ದೂರದಲ್ಲಿ ನಿಂತ ಅಕ್ಕ, ಸ್ನಾನಕ್ಕೆ ಬಂದ ರಾಜಪುತ್ರಿ, ಇವೆಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುವರು. ಆದರೆ ಒಂದು ಮಾತನ್ನು ಅವರು ಬಿಟ್ಟುಬಿಡುತ್ತಾರೆ. ನಾವೂ ಬಹುಕಾಲ ಬಿಟ್ಟುಬಿಟ್ಟಿದ್ದೆವು. ಏನಂದರೆ, ಆಕೆಯು ಕೂಸನ್ನು ಆಪಿನ ಪೆಟ್ಟಿಗೆಯಲ್ಲಿ ಮಲಗಿಸುವುದಕ್ಕೆ ಮುಂಚೆ ಆ ಪೆಟ್ಟಿಗೆಗೆ ರಾಳವನ್ನೂ ಕೀಲೆಣ್ಣೆಯನ್ನೂ ಹಚ್ಚಿದಳು. ಬಂಡಿಯ ಗಾಲಿಗೆ ಕೀಲೆಣ್ಣೆ ಹಾಕಿದವರಿಗೆ ಅದು ಎಂಥ ಕೆಲಸವೆಂಬದು ಗೊತ್ತು. ಕೈಯೆಲ್ಲಾ ಕಪ್ಪಾಗುವದು, ಮೂಗಿಗೆ ವಾಸನೆ ಹೊಡೆಯುವದು, ಸಂದುಸಂದಿಗೂ ಬೆರಳು ಹಾಕಿ ಮೆತ್ತಬೇಕು. ಒಂದು ಸಂದು ಉಳಿದರೂ ನೀರು ಒಳಗೆ ಬರುವದು.

ಇಬ್ರಿಯರಿಗೆ ಬರೆದ ಪತ್ರಿಕೆಯು ಮೋಶೆಯ ತಂದೆತಾಯಿಗಳನ್ನು ನಂಬಿಕೆಯುಳ್ಳವರ ಸಾಲಿನಲ್ಲಿ ಎಣಿಸುತ್ತದೆ. ಹೀಗಿರಲಾಗಿ, ಆ ತಾಯಿಯು ದೇವರನ್ನು ನಂಬಿದಳಲ್ಲವೇ, ಹಾಗಾದರೆ ರಾಳವೇಕೆ ಎಂದು ಯಾರಾದರೂ ಕೇಳಬಹುದು. ಬರಿಯ ಪೆಟ್ಟಿಗೆಯನ್ನೇ ನೀರಿನ ಮೇಲೆ ಬಿಟ್ಟು ದೇವರು ತೇಲಿಸುವನೆಂದು ಮನೆಗೆ ಹೋಗಬಹುದಾಗಿತ್ತು. ಆಕೆ ಹಾಗೆ ಮಾಡಲಿಲ್ಲ. ನಂಬಿದವಳ ಕೈಗೇ ಕೀಲೆಣ್ಣೆ ಮೆತ್ತಿತ್ತು. ಪೆಟ್ಟಿಗೆಯನ್ನು ಬಿಟ್ಟ ಮೇಲೆಯೂ ಮಗಳನ್ನು ಕಾವಲಿಗೆ ನಿಲ್ಲಿಸಿದಳು.

ಈ ವಾಕ್ಯಭಾಗವನ್ನು ನಾವು ಈ ತಿಂಗಳು ಆರಿಸಿಕೊಂಡದ್ದಕ್ಕೆ ಕಾರಣವುಂಟು. ಬೋಧಿಸುವುದಕ್ಕೆ ಮುಂಚೆ ಒಂದು ಅರಿಕೆಯನ್ನು ಮಾಡಲೇಬೇಕು.

2017ರ ಫೆಬ್ರವರಿ ತಿಂಗಳಲ್ಲಿ ನಮ್ಮ ರಾಜ್ಯದಲ್ಲಿ 9 ತಿಂಗಳಿನಿಂದ 15 ವರುಷದೊಳಗಿನ ಮಕ್ಕಳೆಲ್ಲರಿಗೂ ದಡಾರ-ರುಬೆಲ್ಲಾ ಚುಚ್ಚುಮದ್ದು ಹಾಕುವ ಏರ್ಪಾಡಾಯಿತು. ಅದೇ ದಿನಗಳಲ್ಲಿ ಮೊಬೈಲ್ ಫೋನುಗಳ ಮೂಲಕ ಒಂದು ಸುಳ್ಳು ಸುದ್ದಿ ಊರಿಂದೂರಿಗೆ ಹರಿದಾಡಿತು. ಈ ಮದ್ದು ಹಾಕಿಸಿಕೊಂಡ ಮಕ್ಕಳಿಗೆ ಮುಂದೆ ಸಂತಾನವಾಗುವದಿಲ್ಲವಂತೆ ಎಂದು. ಒಂದು ಭಾನುವಾರ ಆರಾಧನೆ ತೀರಿದ ಮೇಲೆ ನಮ್ಮ ಸಭೆಯ ಒಬ್ಬ ತಾಯಿಯು ಎರಡು ವರುಷದ ಹೆಣ್ಣುಕೂಸನ್ನು ಸೊಂಟದಲ್ಲಿಟ್ಟುಕೊಂಡು ಬಾಗಿಲ ಹತ್ತಿರ ನಿಂತು, “ಅಯ್ಯನವರೇ, ಹಾಕಿಸಲೋ ಬೇಡವೋ?” ಎಂದು ಕೇಳಿದಳು. ಆ ಕೂಸಿಗೆ 9 ತಿಂಗಳಾದಾಗ ಈ ಮನೆಯವರು ಕಬ್ಬು ಕಡಿಯುವದಕ್ಕೆ ಹೊರಗೆ ಹೋಗಿದ್ದರಿಂದ ಆಗಲೂ ಹಾಕಿಸಿರಲಿಲ್ಲ. ನಾವು ಸೆಮಿನರಿಯಲ್ಲಿ ಎಷ್ಟೋ ಪುಸ್ತಕಗಳನ್ನು ಓದಿದ್ದೆವು. ಈ ವಿಷಯವನ್ನು ಓದಿರಲಿಲ್ಲ. ನಮಗೆ ಗೊತ್ತಿಲ್ಲ, ಡಾಕ್ಟರನ್ನು ಕೇಳಿ ಹೇಳುತ್ತೇವೆ ಅಂದಿದ್ದರೆ ಸಾಕಾಗಿತ್ತು. ಹಾಗೆನ್ನುವದಕ್ಕೆ ನಾಚಿಕೆಪಟ್ಟು, “ಪ್ರಾರ್ಥನೆ ಮಾಡಿ ನಿಮಗೆ ತೋಚಿದಂತೆ ಮಾಡಿರಿ” ಅಂದೆವು. ಕೇಳುವದಕ್ಕೆ ಭಕ್ತಿಯ ಮಾತಿನ ಹಾಗೆ ಇತ್ತು. ಆಕೆ ಹಾಕಿಸಲಿಲ್ಲ.

ಮರುವರುಷದ ಬೇಸಿಗೆಯಲ್ಲಿ ಆ ಕೂಸಿಗೆ ದಡಾರ ಬಂತು. ನಮ್ಮ ಕಡೆ ಇದನ್ನು ಗೊಬ್ಬರವೆನ್ನುತ್ತಾರೆ. ಮೊದಲು ಜ್ವರ, ನೆಗಡಿ, ಕೆಮ್ಮು, ಕೆಂಪು ಕಣ್ಣು. ಮೂರು ನಾಲ್ಕು ದಿನಗಳ ಮೇಲೆ ಮುಖದಿಂದ ಕೆಳಕ್ಕೆ ಕೆಂಪಾದ ಗುಳ್ಳೆಗಳು. ಮನೆಯ ಹಿರಿಯರು ಇದು ಅಮ್ಮ, ಆಸ್ಪತ್ರೆಗೆ ಒಯ್ದರೆ ಕೋಪಮಾಡುವಳೆಂದರು. ಕ್ರೈಸ್ತರ ಮನೆಯಲ್ಲಿಯೂ ಹಳೆಯ ಭಯವು ಅಟ್ಟದ ಮೇಲೆ ಕಟ್ಟಿಟ್ಟ ಗಂಟಿನಂತೆ ಇರುತ್ತದೆ, ಕಷ್ಟಕಾಲದಲ್ಲಿ ಅದನ್ನು ಕೆಳಗಿಳಿಸುತ್ತಾರೆ. ಕತ್ತಲೆ ಕೋಣೆಯಲ್ಲಿ ಮಲಗಿಸಿ, ಊಟವನ್ನು ಕಡಿಮೆಮಾಡಿ, ಕಣ್ಣು ಬಿಡುವದಿಲ್ಲವೆಂದು ಯಾವದೋ ಸೊಪ್ಪಿನ ರಸವನ್ನು ಕಣ್ಣಿಗೆ ಹಿಂಡಿದರು. ಉಸಿರು ಏಳತೊಡಗಿದ ಮೇಲೆ ಆಸ್ಪತ್ರೆಗೆ ಒಯ್ದಾಗ ನ್ಯುಮೋನಿಯಾ ಆಗಿತ್ತು. ಕೂಸು ಬದುಕಿತು. ಬಲಗಣ್ಣಿನ ಮೇಲೆ ಬಿಳಿ ಪೊರೆ ಉಳಿಯಿತು. ಈಗ ಆಕೆ ದೊಡ್ಡ ಹುಡುಗಿ. ಆರಾಧನೆಯಲ್ಲಿ ಮುಂದಿನ ಚಾಪೆಯ ಮೇಲೆ ಕೂತು, ನಾವು ವೇದಪಾಠ ಓದುವಾಗ ತಲೆಯನ್ನು ಒಂದು ಕಡೆಗೆ ವಾಲಿಸಿ ನಮ್ಮನ್ನು ನೋಡುತ್ತಾಳೆ. ಆ ತಾಯಿಯು ಒಂದು ದಿನವೂ ನಮ್ಮನ್ನು ಆಕ್ಷೇಪಿಸಲಿಲ್ಲ. ಆಕ್ಷೇಪಿಸಿದ್ದರೆ ನಮಗೆ ಹಗುರವಾಗುತ್ತಿತ್ತು. ಆಕೆಯ ಅಪ್ಪಣೆ ಪಡೆದೇ ಇದನ್ನು ಬರೆಯುತ್ತೇವೆ.

ಪ್ರಾರ್ಥನೆಯನ್ನು ನಾವು ಕಡೆಗಣಿಸುತ್ತೇವೆಂದು ಯಾರೂ ತಿಳಿಯಬಾರದು. ಆ ದಿನ ನಮ್ಮ ಅಜ್ಞಾನದ ಮೇಲೆ ಹೊದಿಸುವ ಬಟ್ಟೆಯಾಗಿ ಪ್ರಾರ್ಥನೆಯ ಹೆಸರನ್ನು ಉಪಯೋಗಿಸಿದೆವು, ಅದೇ ನಮ್ಮ ಪಾಪ. ಸೈತಾನನು ಯೇಸುಸ್ವಾಮಿಯನ್ನು ದೇವಾಲಯದ ಶಿಖರದ ಮೇಲೆ ನಿಲ್ಲಿಸಿ, ಕೆಳಕ್ಕೆ ಧುಮುಕು, ದೂತರು ಎತ್ತಿಕೊಳ್ಳುವರು ಎಂದು ಹೇಳಿದಾಗ ಆತನು ಧುಮುಕಲಿಲ್ಲ. ಇಳಿಯುವದಕ್ಕೆ ಮೆಟ್ಟಲುಗಳಿರುವಾಗ ಧುಮುಕುವದು ನಂಬಿಕೆಯಲ್ಲ, ದೇವರನ್ನು ಪರೀಕ್ಷಿಸುವದು. ಅದಲ್ಲದೆ ನಾಮಾನನೆಂಬ ಸೇನಾಪತಿಯನ್ನು ನೆನಸಿಕೊಳ್ಳಿರಿ. ದೊಡ್ಡ ಅದ್ಭುತವನ್ನು ನಿರೀಕ್ಷಿಸಿ ಬಂದವನು, ನದಿಯಲ್ಲಿ ಮುಳುಗಿ ಏಳು ಎಂಬ ಸಣ್ಣ ಮಾತಿಗೆ ಸಿಟ್ಟಾಗಿ ಹಿಂತಿರುಗಿದನು. ಅವನ ಸೇವಕರಿಗೆ ಅವನಿಗಿಂತ ಹೆಚ್ಚು ಬುದ್ಧಿಯಿತ್ತು. ಒಂದು ಸೂಜಿಯ ಮೊನೆಯಷ್ಟು ಸಣ್ಣ ಸಂಗತಿಯಲ್ಲಿ ದೇವರ ಕರುಣೆಯಿರಬಾರದೆಂದು ನಮಗೆ ಹೇಳಿದವರು ಯಾರು?

ಲಸಿಕೆಯೆಂಬದು ರೋಗ ಬಂದ ಮೇಲೆ ಕೊಡುವ ಔಷಧವಲ್ಲ. ಬಲಗುಂದಿಸಿದ ಅಥವಾ ಸತ್ತುಹೋದ ರೋಗಾಣುವನ್ನು, ಇಲ್ಲವೆ ಅದರ ಒಂದು ತುಣುಕನ್ನು, ಕೂಸಿನ ಶರೀರಕ್ಕೆ ತೋರಿಸುವದೇ ಲಸಿಕೆ. ಊರ ಕಾವಲುಗಾರನಿಗೆ ಕಳ್ಳನ ಗುರುತನ್ನು ಮುಂಚಿತವಾಗಿ ಹೇಳಿದಂತೆ ಇದು. ಶರೀರವು ಆ ಗುರುತನ್ನು ಇಟ್ಟುಕೊಂಡು, ನಿಜವಾದ ಕಳ್ಳನು ಬಂದಾಗ ತಡಮಾಡದೆ ಹಿಡಿಯುತ್ತದೆ. ಕೆಲವು ಗುರುತುಗಳು ಒಂದು ಸಾರಿ ಹೇಳಿದರೆ ನಿಲ್ಲುವದಿಲ್ಲ. ಆದದರಿಂದಲೇ ಎರಡನೆಯ ಸಾರಿ, ಮೂರನೆಯ ಸಾರಿ ಹಾಕಬೇಕಾಗುತ್ತದೆ. ಮೊದಲನೆಯದನ್ನು ಹಾಕಿಸಿ ಉಳಿದದ್ದನ್ನು ಬಿಟ್ಟವರು ಪೆಟ್ಟಿಗೆಯ ಒಂದು ಮಗ್ಗುಲಿಗೆ ಮಾತ್ರ ರಾಳ ಹಚ್ಚಿದವರು.

ಇದು ನಿನ್ನೆ ಮೊನ್ನೆ ಹುಟ್ಟಿದ ವಿದ್ಯೆಯಲ್ಲ. 1796ರಲ್ಲಿ ಇಂಗ್ಲೆಂಡಿನ ಹಳ್ಳಿಯ ವೈದ್ಯನಾದ ಎಡ್ವರ್ಡ್ ಜೆನ್ನರನು ಹಸುವಿನ ಸಿಡುಬಿನ ಕೀವನ್ನು ಒಬ್ಬ ಹುಡುಗನ ತೋಳಿಗೆ ಹಾಕಿ, ಅವನಿಗೆ ದೊಡ್ಡ ಸಿಡುಬು ತಗಲದೆಂದು ಕಂಡುಕೊಂಡನು. 1802ರ ಜೂನ್ ತಿಂಗಳಲ್ಲಿ ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರುಷದ ಹೆಣ್ಣುಮಗು ನಮ್ಮ ದೇಶದಲ್ಲಿ ಮೊದಲನೆಯದಾಗಿ ಇದನ್ನು ಹಾಕಿಸಿಕೊಂಡಿತು. ಆ ಕೂಸಿನ ತೋಳಿನಿಂದಲೇ ಮತ್ತೊಬ್ಬರ ತೋಳಿಗೆ, ಅಲ್ಲಿಂದ ಇನ್ನೊಬ್ಬರಿಗೆ, ಹೀಗೆ ದಕ್ಷಿಣದೇಶಕ್ಕೂ ಬಂತು. ಮೈಸೂರಿನ ಅರಮನೆಯ ಮೂವರು ಸ್ತ್ರೀಯರನ್ನು ತೋಮಸ್ ಹಿಕಿ ಎಂಬ ಚಿತ್ರಗಾರನು 1805ರ ಸುಮಾರಿಗೆ ಬರೆದ ಪಟವೊಂದುಂಟು; ಅದರಲ್ಲಿ ಒಬ್ಬಾಕೆಯು ಸೀರೆಯ ಸೆರಗನ್ನು ಸರಿಸಿ ದಾಕು ಹಾಕಿಸಿಕೊಂಡ ತೋಳನ್ನು ತೋರಿಸುತ್ತಿದ್ದಾಳೆಂದು ಇತಿಹಾಸ ಬಲ್ಲವರೊಬ್ಬರು ಅರ್ಥಮಾಡಿದ್ದಾರೆ. ರಾಣೀವಾಸದವರು ಹಾಕಿಸಿಕೊಂಡರೆಂದು ಕಂಡರೆ ಪ್ರಜೆಗಳ ಭಯ ಹೋಗಲೆಂದು ಹೀಗೆ ಮಾಡಿದ್ದಿರಬೇಕು. ಭಯವೂ ಹಳೆಯದು, ಭಯಕ್ಕೆ ಮದ್ದೂ ಹಳೆಯದು.

ನಮ್ಮ ದೇಶದಲ್ಲಿ ಸಿಡುಬಿನ ಕಡೆಯ ರೋಗಿಯು 1975ರಲ್ಲಿ ಕಂಡಳು. 1980ರಲ್ಲಿ ಸಿಡುಬು ಲೋಕದಲ್ಲೆಲ್ಲಿಯೂ ಇಲ್ಲವೆಂದು ಜಗತ್ತಿನ ಆರೋಗ್ಯ ಸಂಸ್ಥೆಯು ಸಾರಿತು. ಲೋಕದಲ್ಲಿ ತಾನಾಗಿ ಹರಡಿದ ಸಿಡುಬಿನ ಕೊನೆಯ ರೋಗಿಯು ಸೊಮಾಲಿಯಾ ದೇಶದ ಅಲಿ ಮಾವ್ ಮಾಲಿನ್ ಎಂಬವನು. ಆಸ್ಪತ್ರೆಯಲ್ಲಿ ಅಡಿಗೆ ಮಾಡುತ್ತಿದ್ದ ಅವನು ಸೂಜಿ ನೋಯುವದೆಂದು ಹೆದರಿ ಲಸಿಕೆಯನ್ನು ತಪ್ಪಿಸಿಕೊಂಡಿದ್ದನು. 1977ರಲ್ಲಿ ರೋಗ ತಗಲಿ ದೇವರ ದಯದಿಂದ ಬದುಕಿದನು. ಆ ಮೇಲೆ ಅದೇ ಮನುಷ್ಯನು ಪೋಲಿಯೋ ಹನಿ ಹಾಕಿಸುವವರ ಗುಂಪಿನಲ್ಲಿ ಸೇರಿ, ನನ್ನ ಹಾಗೆ ಹೆದರಬೇಡಿರೆಂದು ತಾಯಂದಿರಿಗೆ ಹೇಳುತ್ತಾ ಊರೂರು ತಿರುಗಿ, 2013ರಲ್ಲಿ ಆ ಕೆಲಸದಲ್ಲಿರುವಾಗಲೇ ಜ್ವರದಿಂದ ತೀರಿಕೊಂಡನು. ಅವನು ನಮ್ಮ ಮತದವನಲ್ಲ. ಆದರೂ ಅವನ ಸಂಗತಿಯನ್ನು ಓದಿದಾಗ ನಮಗೆ ಧೈರ್ಯ ಬಂತು. ತಪ್ಪಿದವನೂ ಆ ತಪ್ಪಿನಿಂದಲೇ ಉಪಯೋಗಕ್ಕೆ ಬರಬಹುದು.

ಪೋಲಿಯೋ ರೋಗವು 2009ರಲ್ಲಿ ನಮ್ಮ ದೇಶದ 741 ಮಕ್ಕಳಿಗೆ ತಗಲಿತ್ತು. 2011ರ ಜನವರಿಯಲ್ಲಿ ಬಂಗಾಳದ ಹೌರಾ ಜಿಲ್ಲೆಯ ಒಂದು ಕೂಸೇ ಕಡೆಯದು. 2014ರಲ್ಲಿ ದೇಶವು ಪೋಲಿಯೋದಿಂದ ಮುಕ್ತವಾಯಿತೆಂದು ಒಪ್ಪಲಾಯಿತು. ನಿಮ್ಮ ಊರಿನಲ್ಲಿ ಕಾಲೆಳೆದು ನಡೆಯುವ ಹಿರಿಯರು ಇಬ್ಬರು ಮೂವರು ಇದ್ದಾರು. ಹಾಗೆ ನಡೆಯುವ ಚಿಕ್ಕ ಮಕ್ಕಳು ಕಾಣುವದಿಲ್ಲ.

ಈಗ ಸರಕಾರದವರು ಕ್ರಯವಿಲ್ಲದೆ ಹಾಕುವ ಲಸಿಕೆಗಳ ಕಾಲವನ್ನು ತಿಳಿಸುತ್ತೇವೆ. ಹುಟ್ಟಿದ ಕೂಸಿಗೆ ಆಸ್ಪತ್ರೆಯಲ್ಲಿಯೇ ಕ್ಷಯಕ್ಕಾಗಿ ಬಿಸಿಜಿ, ಪೋಲಿಯೋ ಹನಿ, 24 ತಾಸಿನೊಳಗೆ ಕಾಮಾಲೆಯ ಚುಚ್ಚುಮದ್ದು. ಅನಂತರ 6, 10, 14 ವಾರಗಳಲ್ಲಿ ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು ಮುಂತಾದ ಐದು ರೋಗಗಳಿಗೆ ಒಂದೇ ಸೂಜಿ. ಅದರ ಸಂಗಡ ಪೋಲಿಯೋ, ಭೇದಿ, ನ್ಯುಮೋನಿಯಾಗಳಿಗಾಗಿ ಬೇರೆ ಮದ್ದುಗಳು. 9 ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ, ಮತ್ತು ಕಣ್ಣಿನ ರಕ್ಷಣೆಗೆ ಎ ಜೀವಸತ್ವದ ದ್ರಾವಣ. 16ರಿಂದ 24 ತಿಂಗಳೊಳಗೆ ದಡಾರದ ಎರಡನೆಯದು ಮತ್ತು ಉಳಿದವುಗಳ ಬಲವರ್ಧಕ. ತಿರಿಗಿ 5 ವರುಷಕ್ಕೆ, 10ಕ್ಕೆ, 16ಕ್ಕೆ. ಮೆದುಳು ಜ್ವರವಿರುವ ಜಿಲ್ಲೆಗಳಲ್ಲಿ ಅದಕ್ಕೂ ಉಂಟು. ಇದನ್ನು ಬಾಯಿಪಾಠ ಮಾಡಬೇಕಾಗಿಲ್ಲ. ತಾಯಿ ಕಾರ್ಡಿನಲ್ಲಿ ಎಲ್ಲವೂ ಬರೆದಿದೆ. ಆ ಕಾರ್ಡನ್ನು ವೇದಪುಸ್ತಕದೊಳಗೆ ಇಟ್ಟುಕೊಂಡ ಒಬ್ಬ ಅಜ್ಜಿಯನ್ನು ನಾವು ಬಲ್ಲೆವು; ಕಳೆದುಹೋಗದ ಸ್ಥಳ ಅದೊಂದೇ ಎಂದು ಆಕೆಯ ಮಾತು.

ದಡಾರಕ್ಕೆ ಮಾತ್ರ ಒಂಬತ್ತು ತಿಂಗಳವರೆಗೆ ಕಾಯುವದು ಯಾಕೆಂದು ಕೇಳುವವರುಂಟು. ತಾಯಿಯ ರಕ್ತದಿಂದ ಬಂದ ರಕ್ಷಣೆಯು ಮೊದಲ ತಿಂಗಳುಗಳಲ್ಲಿ ಕೂಸಿನಲ್ಲಿರುತ್ತದೆ. ಅದು ಇರುವಾಗ ಹಾಕಿದರೆ ಮದ್ದು ಸರಿಯಾಗಿ ಹಿಡಿಯುವದಿಲ್ಲ, ಅದು ತೀರಿದ ಮೇಲೆ ತಡಮಾಡಿದರೆ ರೋಗ ಹಿಡಿಯುವದು.

ಸೂಜಿ ಹಾಕಿದ ಮೇಲೆ ಜ್ವರ ಬಂತಲ್ಲಾ, ಚೆನ್ನಾಗಿದ್ದ ಕೂಸಿಗೆ ರೋಗ ತಂದರಲ್ಲಾ ಎಂದು ಎಷ್ಟೋ ತಂದೆಗಳು ಸಿಟ್ಟಾಗುತ್ತಾರೆ. ಒಂದೆರಡು ದಿನ ಮೈ ಬಿಸಿಯಾಗುವದು, ಸೂಜಿ ಹಾಕಿದ ಸ್ಥಳ ಕೆಂಪಾಗಿ ನೋಯುವದು, ಇದು ಕಾವಲುಗಾರನು ಎಚ್ಚತ್ತ ಗುರುತು. ನರ್ಸಮ್ಮನು ಹೇಳಿದಷ್ಟೇ ಜ್ವರದ ಔಷಧ ಕೊಟ್ಟು ಮೊಲೆಹಾಲು ಕೊಡುತ್ತಿರಬೇಕು. ಆ ಸ್ಥಳಕ್ಕೆ ಅರಿಶಿನವನ್ನೂ ಎಣ್ಣೆಯನ್ನೂ ಹಚ್ಚಕೂಡದು, ತಿಕ್ಕಕೂಡದು. ಬಿಸಿಜಿ ಹಾಕಿದ ತೋಳಿನಲ್ಲಿ ಕೆಲವು ವಾರಗಳ ಮೇಲೆ ಸಣ್ಣ ಗುಳ್ಳೆಯೆದ್ದು ಒಣಗಿ ಕಲೆಯಾಗುವದು. ಅದನ್ನು ಮುಟ್ಟದೆ ಬಿಡಿರಿ. ಹಾಕಿಸಿದ ಮೇಲೆ ಅರ್ಧ ತಾಸು ಅಲ್ಲಿಯೇ ಕೂತಿರ್ರಿ ಎಂದು ಅವರು ಹೇಳುವದು ನಮ್ಮನ್ನು ಕಾಯಿಸುವದಕ್ಕಲ್ಲ. ಬಹು ಅಪರೂಪವಾಗಿ ಯಾವದಾದರೂ ಕೂಸಿಗೆ ಮದ್ದು ಒಗ್ಗದೆ ಹೋದರೆ ಆಗಲೇ ನೋಡಿಕೊಳ್ಳುವದಕ್ಕೆ. ಸಣ್ಣ ನೆಗಡಿ ಇದೆಯೆಂದು ಸೂಜಿಯನ್ನು ಮುಂದಕ್ಕೆ ಹಾಕುವದು ಬೇಡ.

ಸಂತಾನದ ವಿಷಯವಾದ ಆ ಸುದ್ದಿ ಸುಳ್ಳು. ಮಾತ್ರವಲ್ಲದೆ, ರುಬೆಲ್ಲಾ ಎಂಬದು ಗರ್ಭಿಣಿಗೆ ತಗಲಿದರೆ ಗರ್ಭದ ಕೂಸು ಇಳಿದುಹೋಗಬಹುದು, ಇಲ್ಲವೆ ಕಿವುಡಾಗಿಯೋ ಕುರುಡಾಗಿಯೋ ಹೃದಯದ ಕೊರತೆಯಿಂದಲೋ ಹುಟ್ಟಬಹುದು. ಹೆಣ್ಣುಮಗುವಿಗೆ ಇಂದು ಹಾಕಿಸಿದ್ದು ಆಕೆಯ ಮಕ್ಕಳಿಗೂ ಕಾವಲು.

ಇನ್ನೊಂದು ವಾಕ್ಯವನ್ನು ನೋಡೋಣ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತಲೂ ಗೋಡೆಯನ್ನು ಕಟ್ಟಬೇಕೆಂದು, ಇಲ್ಲವಾದರೆ ಅಲ್ಲಿಂದ ಬಿದ್ದವನ ರಕ್ತಾಪರಾಧವು ಆ ಮನೆಗೆ ತಗಲುವದೆಂದು ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿದೆ. ಮಾಳಿಗೆಯ ಮನೆಗಳಲ್ಲಿ ಇರುವ ನಮಗೆ ಇದು ಬೇಗನೆ ತಿಳಿಯುವದು. ಬೀಳುವವನು ನಿಮ್ಮ ಕೂಸೇ ಆಗಬೇಕೆಂದಿಲ್ಲ, ಆಡುವದಕ್ಕೆ ಬಂದ ನೆರೆಯವರ ಕೂಸಾದೀತು. ಕಾಪಿಲ್ಲದವರ ನಡುವೆ ದಡಾರವಾದ ಒಬ್ಬನಿಂದ 12ರಿಂದ 18 ಮಂದಿಗೆ ಆ ರೋಗ ಹಬ್ಬಬಲ್ಲದು. ರೋಗಿಯು ಎದ್ದುಹೋದ ಕೋಣೆಯ ಗಾಳಿಯಲ್ಲಿಯೂ ಎರಡು ತಾಸಿನವರೆಗೆ ಅದು ಇರಬಲ್ಲದು. ಗುಳ್ಳೆ ಕಾಣುವದಕ್ಕೆ ನಾಲ್ಕು ದಿನ ಮುಂಚೆಯೇ ಹಬ್ಬುತ್ತದೆ; ಆದಕಾರಣ ನಾವು ರೋಗಿಯನ್ನು ದೂರವಿಡುತ್ತೇವೆಂಬ ಮಾತು ತಡವಾದ ಮಾತು. ನೂರಕ್ಕೆ 95 ಮಕ್ಕಳಿಗೆ ಎರಡು ಸಾರಿಯೂ ಹಾಕಿಸಿದ ಊರಿನಲ್ಲಿ ಅದಕ್ಕೆ ಕಾಲಿಡಲು ಸ್ಥಳವಿಲ್ಲ. ಇನ್ನೂ ಆರು ತಿಂಗಳ ಕೂಸು, ಬೇರೆ ರೋಗದಿಂದ ಲಸಿಕೆ ಹಾಕಿಸಿಕೊಳ್ಳಲಾರದ ಕೂಸು, ಇವುಗಳಿಗೆ ನಮ್ಮ ಮಕ್ಕಳೇ ಸುತ್ತುಗೋಡೆ.

ಪೆಟ್ಟಿಗೆಯ ಕಥೆಗೆ ಹಿಂತಿರುಗೋಣ. ರಾಜಪುತ್ರಿಯು ಕೂಸನ್ನು ಎತ್ತಿಕೊಂಡ ಮೇಲೆ ಮಾಡಿದ ಮೊದಲ ಏರ್ಪಾಡು ಹಾಲಿನದು. ಅರಮನೆಯಲ್ಲಿ ಹಸುವಿನ ಹಾಲಿಗೆ ಕೊರತೆಯಿತ್ತೇ? ಆದರೂ ಹೆತ್ತ ತಾಯಿಯ ಎದೆಗೇ ಕೂಸು ಬಂತು, ಅದಕ್ಕೆ ಸಂಬಳವೂ ಸಿಕ್ಕಿತು! ಹೆರಿಗೆಯಾದ ಒಂದು ತಾಸಿನೊಳಗೆ ಮೊಲೆ ಕೊಡಬೇಕು. ಮೊದಲ ದಿನಗಳ ಹಳದಿ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲುವದು ನಮ್ಮಲ್ಲಿ ಇನ್ನೂ ಉಂಟು. ಅದು ಕೂಸಿನ ಮೊದಲನೆಯ ಲಸಿಕೆ ಎನ್ನಬಹುದು. ಆರು ತಿಂಗಳವರೆಗೆ ಮೊಲೆಹಾಲಲ್ಲದೆ ಜೇನು, ಸಕ್ಕರೆ ನೀರು, ಬರಿಯ ನೀರು ಯಾವದೂ ಬೇಡ. ಆ ಮೇಲೆ ಮೆತ್ತಗೆ ಬೇಯಿಸಿದ ಅನ್ನ, ಬೇಳೆ, ರಾಗಿ ಗಂಜಿ, ಹಣ್ಣು, ಮೊಟ್ಟೆ. ಎರಡು ವರುಷದ ವರೆಗೂ ಮೊಲೆಹಾಲು.

ಹೊಕ್ಕುಳಬಳ್ಳಿಗೆ ಸಗಣಿ, ಬೂದಿ, ಎಣ್ಣೆ ಹಚ್ಚುವ ಪದ್ಧತಿಯಿಂದ ಎಷ್ಟೋ ಕೂಸುಗಳು ಎಂಟು ಹತ್ತು ದಿನದೊಳಗೆ ಬಿಲ್ಲಿನಂತೆ ಸೆಟೆದು ಸತ್ತವು. ಗರ್ಭಿಣಿಯರಿಗೆ ಧನುರ್ವಾಯುವಿನ ಸೂಜಿಯೂ ಆಸ್ಪತ್ರೆಯ ಹೆರಿಗೆಯೂ ಬಂದದ್ದರಿಂದ ಆ ಪೀಡೆಯು ನಮ್ಮ ದೇಶದಲ್ಲಿ ತೀರ ಇಳಿದು, 2015ರಲ್ಲಿ ನಿವಾರಣೆಯಾಯಿತೆಂದು ಒಪ್ಪಲ್ಪಟ್ಟಿತು. ಫರೋಹನ ಆಜ್ಞೆಗೆ ಹೆದರದ ಇಬ್ಬರು ಸೂಲಗಿತ್ತಿಯರ ಹೆಸರುಗಳು ವೇದದಲ್ಲಿ ಉಳಿದಿವೆ, ಆ ಫರೋಹನ ಹೆಸರು ಉಳಿಯಲಿಲ್ಲ. ಬಿಸಿಲಿನಲ್ಲಿ ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಗೆ ಬಾಗಿಲು ಹಾಕಿಕೊಳ್ಳುವವರು ಇದನ್ನು ಯೋಚಿಸಲಿ.

ಭೇದಿಯಾದ ಕೂಸಿಗೆ ನೀರು ಕೊಡಬಾರದೆಂಬದು ದೊಡ್ಡ ತಪ್ಪು. ಕೂಸು ಸಾಯುವದು ಭೇದಿಯಿಂದಲ್ಲ, ಮೈಯ ನೀರೂ ಉಪ್ಪೂ ಹೋಗುವದರಿಂದ. 1971ರಲ್ಲಿ ಬಂಗಾಳದ ನಿರಾಶ್ರಿತರ ಶಿಬಿರದಲ್ಲಿ ವಾಂತಿಭೇದಿ ಹರಡಿ ನರದ ಮೂಲಕ ಕೊಡುವ ನೀರು ಮುಗಿದಾಗ, ಡಾಕ್ಟರ್ ದಿಲೀಪ್ ಮಹಾಲನಾಬಿಸರು ಉಪ್ಪು ಸಕ್ಕರೆಯ ನೀರನ್ನು ಪೀಪಾಯಿಗಳಲ್ಲಿ ಕದಡಿಸಿ ಕುಡಿಸಿ ಸಾವಿರಾರು ಜನರನ್ನು ಉಳಿಸಿದರು. ಓಆರ್‌ಎಸ್ ಪುಡಿಯ ದೊಡ್ಡ ಪೊಟ್ಟಣವನ್ನು ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರಾ ಹಾಕಿ, ಚಮಚ ಚಮಚವಾಗಿ ಕೊಡುತ್ತಿರಬೇಕು. ಮರುದಿನಕ್ಕೆ ಉಳಿದದ್ದನ್ನು ಚೆಲ್ಲಬೇಕು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರಿಗೆ ಮಟ್ಟವಾಗಿ ಆರು ಚಹದ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಆಸ್ಪತ್ರೆಯಲ್ಲಿ ಕೊಡುವ ಜಿಂಕ್ ಗುಳಿಗೆಯನ್ನು ಭೇದಿ ನಿಂತರೂ 14 ದಿನ ಕೊಡಿರಿ. ಕಣ್ಣು ಗುಳಿಬಿದ್ದರೆ, ಕುಡಿಯದೆ ಹೋದರೆ, ರಕ್ತ ಬಿದ್ದರೆ ಕೂಡಲೆ ಆಸ್ಪತ್ರೆಗೆ.

ಕೆಮ್ಮುವ ಕೂಸು ಮಲಗಿರುವಾಗ ಗಡಿಯಾರ ಹಿಡಿದು ಉಸಿರನ್ನು ಎಣಿಸಿರಿ. ಎರಡು ತಿಂಗಳೊಳಗಿನದು ನಿಮಿಷಕ್ಕೆ 60, ವರುಷದೊಳಗಿನದು 50, ಐದು ವರುಷದೊಳಗಿನದು 40, ಇಷ್ಟು ಅಥವಾ ಹೆಚ್ಚು ಸಾರಿ ಉಸಿರಾಡಿದರೆ, ಇಲ್ಲವೆ ಪಕ್ಕೆ ಒಳಕ್ಕೆ ಸೆಳೆದರೆ, ಅದು ನ್ಯುಮೋನಿಯಾ ಇರಬಹುದು. ರಾತ್ರಿಯೆಂದು ಕಾಯಬೇಡಿರಿ, 108ಕ್ಕೆ ಕರೆಯಿರಿ. ಹೊಟ್ಟೆಗೆ ಬರೆ ಹಾಕುವದನ್ನು ಕುರಿತು ಹೆಚ್ಚು ಬರೆಯಲಾರೆವು. ಉಸಿರಿಗಾಗಿ ಒದ್ದಾಡುವ ಕೂಸಿಗೆ ಕಾಯಿಸಿದ ಬಳೆಯ ಚೂರನ್ನು ಇಡುವ ಕೈ ಯಾವ ದೇವರನ್ನೂ ಮೆಚ್ಚಿಸುವದಿಲ್ಲ.

ಕೂಲಿ ತಪ್ಪುತ್ತದೆಂದು ನೀವು ಹೇಳುವಿರಿ. ಅದು ನಿಜ, ನಾವು ಅಲ್ಲಗಳೆಯುವದಿಲ್ಲ; ಒಂದು ದಿನದ ಕೂಲಿಯೆಂದರೆ ಒಲೆಯ ಮೇಲಿನ ಗಂಜಿ. ಆದರೆ ನಮ್ಮ ಸಭೆಯ ಆ ಮನೆಯವರು ಆಸ್ಪತ್ರೆಯ ಜಗುಲಿಯಲ್ಲಿ ಹನ್ನೊಂದು ದಿನ ಕೂತಿದ್ದರು.

ಅದೇ ತಾಯಿಗೆ ಈಗ ಗಂಡುಕೂಸು ಹುಟ್ಟಿದೆ. ಅವನಿಗೆ 9 ತಿಂಗಳ ಸೂಜಿ ಹಾಕುವ ಗುರುವಾರ ನಾವೂ ಅಂಗನವಾಡಿಗೆ ಹೋಗಿದ್ದೆವು. ಕೂಸು ಗಟ್ಟಿಯಾಗಿ ಅತ್ತಿತು. ಅಕ್ಕನು ತಾಯಿ ಕಾರ್ಡನ್ನು ಒಳ್ಳೆಯ ಕಣ್ಣಿನ ಹತ್ತಿರಕ್ಕೆ ಹಿಡಿದು, ಮುಂದಿನ ತಾರೀಖು ಬರೆದರೋ ಇಲ್ಲವೋ ಎಂದು ನೋಡಿ, ಇಲ್ಲವೆಂದು ಕಂಡು ನರ್ಸಮ್ಮನಿಂದ ಬರೆಯಿಸಿಕೊಂಡಳು.

ನಿಮ್ಮಲ್ಲಿ ಯಾರ ಕೂಸಿಗಾದರೂ ನಡುವೆ ಒಂದು ಸೂಜಿ ತಪ್ಪಿದ್ದರೆ, ಇನ್ನೇನು ಆಗಿಹೋಯಿತೆಂದು ಬಿಡಬೇಡಿರಿ. ಮೊದಲಿಂದ ಆರಂಭಿಸಬೇಕಾಗಿಯೂ ಇಲ್ಲ, ಬಿಟ್ಟ ಸ್ಥಳದಿಂದ ಮುಂದುವರಿಸುವರು. ಕಬ್ಬು ಕಡಿಯುವದಕ್ಕಾಗಲಿ ಕಟ್ಟಡದ ಕೆಲಸಕ್ಕಾಗಲಿ ಬೇರೆ ಊರಿಗೆ ಹೋಗುವವರು ಕಾರ್ಡನ್ನು ಬಟ್ಟೆಯ ಗಂಟಿನಲ್ಲಿ ಕಟ್ಟಿಕೊಂಡು ಹೋಗಿರಿ; ಯಾವ ಊರಿನ ಸರಕಾರಿ ಆಸ್ಪತ್ರೆಯಲ್ಲಿಯೂ ಹಾಕುತ್ತಾರೆ. ಓದಲು ಬಾರದವರು ಭಾನುವಾರ ಆರಾಧನೆಯಾದ ಮೇಲೆ ಕಾರ್ಡನ್ನು ತಂದರೆ, ನಾವು ಬಾಗಿಲ ಹತ್ತಿರವೇ ಕೂತಿರುತ್ತೇವೆ.